ವಿದ್ಯುತ್ ಫೋರ್ಕ್‌ಲಿಫ್ಟಿಗೆ ಬದಲಿ ಬ್ಯಾಟರಿ: ಶಕ್ತಿಯ ಪ್ರಶ್ನೆ, ತೂಕದ ಪ್ರಶ್ನೆ

ಕಾರ್ಖಾನೆಗಳಲ್ಲಿಯೂ ದೊಡ್ಡ ಗೋದಾಮುಗಳಲ್ಲಿಯೂ ಭಾರವಾದ ಸರಕನ್ನು ಎತ್ತಿ ಅಟ್ಟಣೆಯ ಮೇಲಿರಿಸುವ ಫೋರ್ಕ್‌ಲಿಫ್ಟ್ ಎಂಬ ವಾಹನವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಬ್ಯಾಟರಿಯಿಂದ ನಡೆಯುವ ಬಗೆಯಲ್ಲಿ ಹೊಗೆಯಾಗಲಿ ಗದ್ದಲವಾಗಲಿ ಇಲ್ಲದ ಕಾರಣ ಮುಚ್ಚಿದ ಕಟ್ಟಡಗಳೊಳಗೆ ಅದಕ್ಕೇ ಮನ್ನಣೆ. ಆದರೆ ಅದರ ಬ್ಯಾಟರಿ ಬಹಳ ಬೆಲೆಯುಳ್ಳದ್ದು. ಹಳೆಯ ವಾಹನವೊಂದು ಅಗ್ಗವಾಗಿ ದೊರೆತಾಗ ಹೊಸ ಬ್ಯಾಟರಿಯ ಬೆಲೆ ವಾಹನದ ಬೆಲೆಯನ್ನೇ ಮೀರುವುದುಂಟು. ಆಗ ಮೋಟಾರು ಕಾರಿನ ಬ್ಯಾಟರಿಗಳನ್ನೋ, ಮನೆಯ ಇನ್ವರ್ಟರ್ ಬ್ಯಾಟರಿಗಳನ್ನೋ, ವಿದ್ಯುತ್ ಕಾರಿನಿಂದ ಕಳಚಿದ ಲಿಥಿಯಂ ಕೋಶಗಳನ್ನೋ ಜೋಡಿಸಿ ಕೆಲಸ ನಡೆಸಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ವಾಹನವನ್ನು ಹಾಗೆ ನಡೆಸಬಹುದೆಂಬುದರಲ್ಲಿ ಸಂದೇಹವಿಲ್ಲ. ತಕ್ಕಷ್ಟು ವೋಲ್ಟ್ ಒದಗಿದರೆ ಮೋಟಾರು ತಿರುಗುತ್ತದೆ, ಕವಲುಗಳು ಮೇಲೇಳುತ್ತವೆ. ಅಪಾಯವಿರುವುದೂ ಇಲ್ಲಿಯೇ. ವಾಹನ ನಡೆಯಿತೆಂದ ಮಾತ್ರಕ್ಕೆ ಬದಲಿ ಸರಿಯಾಯಿತೆಂದು ಭಾವಿಸುವವರು, ಆ ಬ್ಯಾಟರಿ ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಮರೆತಿರುತ್ತಾರೆ. ಅದೇನೆಂಬುದನ್ನು ಮೊದಲು ಪರಿಶೀಲಿಸೋಣ.

ನಮ್ಮ ಹಳ್ಳಿಗಳಲ್ಲಿ ಹಿಂದೆ ಬಾವಿಯಿಂದ ನೀರೆತ್ತಲು ಬಳಸುತ್ತಿದ್ದ ಏತದ ಹಿಂತುದಿಗೆ ಕಲ್ಲೊಂದನ್ನು ಕಟ್ಟುತ್ತಿದ್ದುದುಂಟು. ಫೋರ್ಕ್‌ಲಿಫ್ಟಿನ ತತ್ತ್ವವೂ ಅದೇ. ಮುಂದಿನ ಗಾಲಿಗಳು ನೆಲವನ್ನು ಮುಟ್ಟುವ ಎಡೆಯೇ ಸನ್ನೆಗೋಲಿನ ಆಧಾರಬಿಂದು. ಅದರ ಮುಂದೆ ಕವಲುಗಳ ಮೇಲಿನ ಹೊರೆ. ಹಿಂದೆ ವಾಹನದ ತೂಕ. ಸರಕು ಏರಿದಾಗ ವಾಹನ ಮುಗ್ಗರಿಸದಿರಬೇಕಾದರೆ ಹಿಂದಿನ ಭ್ರಾಮಕ, ಎಂದರೆ ತೂಕವನ್ನು ದೂರದಿಂದ ಗುಣಿಸಿದ ಫಲ, ಮುಂದಿನದಕ್ಕಿಂತ ಹೆಚ್ಚಾಗಿರಬೇಕು. ವಾಹನವನ್ನು ರಚಿಸುವವರು ಹಿಂಭಾಗದಲ್ಲಿ ಎರಕದ ಕಬ್ಬಿಣದ ದೊಡ್ಡ ಗಟ್ಟಿಯೊಂದನ್ನು ಇರಿಸುತ್ತಾರೆ. ಅದರೊಡನೆ ಸೀಸದ ಬ್ಯಾಟರಿಯ ತೂಕವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಸೀಸದ ಬ್ಯಾಟರಿ ಭಾರವೆಂಬ ದೂರು ಇತರ ವಾಹನಗಳಲ್ಲಿ ನ್ಯಾಯವಾದದ್ದು. ಇಲ್ಲಿ ಮಾತ್ರ ಆ ಭಾರವೇ ಗುಣ.

ಅಂಕೆಗಳಿಂದ ವಿಷಯ ಸ್ಪಷ್ಟವಾಗುವುದು. ಉದಾಹರಣೆಗಾಗಿ 2000 ಕಿಲೋಗ್ರಾಂ ಹೊರೆಯನ್ನೆತ್ತುವ, 48 ವೋಲ್ಟಿನ ವಾಹನವೊಂದನ್ನು ಕಲ್ಪಿಸಿಕೊಳ್ಳೋಣ. ಹೊರೆಯ ಗುರುತ್ವಕೇಂದ್ರ ಮುಂದಿನ ಅಚ್ಚಿನಿಂದ 0.9 ಮೀಟರ್ ಮುಂದಿರಲಿ. ವಾಹನದ ತೂಕ ಬ್ಯಾಟರಿಯೂ ಸೇರಿ 3500 ಕಿಲೋಗ್ರಾಂ. ಅದರ ಗುರುತ್ವಕೇಂದ್ರ ಅಚ್ಚಿನಿಂದ 0.75 ಮೀಟರ್ ಹಿಂದೆ, ನೆಲದಿಂದ 0.6 ಮೀಟರ್ ಎತ್ತರದಲ್ಲಿ. ಉರುಳಿಸುವ ಭ್ರಾಮಕ 1800, ತಡೆಯುವ ಭ್ರಾಮಕ 2625 ಕಿಲೋಗ್ರಾಂ-ಮೀಟರ್. ಬ್ಯಾಟರಿಯ ತೂಕ 950 ಕಿಲೋಗ್ರಾಂ ಎಂದೂ, ಅದು ಅಚ್ಚಿನಿಂದ 0.75 ಮೀಟರ್ ಹಿಂದೆಯೇ ಇದೆಯೆಂದೂ ಇಟ್ಟುಕೊಳ್ಳೋಣ. ಇದನ್ನು ತೆಗೆದು ನಾಲ್ಕು ಮೋಟಾರು ಕಾರಿನ ಬ್ಯಾಟರಿಗಳನ್ನಿಟ್ಟರೆ ಅವುಗಳ ಒಟ್ಟು ತೂಕ ಸುಮಾರು 60 ಕಿಲೋಗ್ರಾಂ. ತಡೆಯುವ ಭ್ರಾಮಕ 1957ಕ್ಕೆ ಇಳಿಯಿತು. ಆದರೂ ಅದು 1800ಕ್ಕಿಂತ ಹೆಚ್ಚೇ ಆಗಿರುವುದರಿಂದ, ಸಮನೆಲದ ಮೇಲೆ ನಿಂತು ಹೊರೆಯೆತ್ತಿದರೆ ವಾಹನ ಅಲುಗದು. ಪರೀಕ್ಷಿಸಿ ನೋಡಿದವರು ತೃಪ್ತರಾಗಿ ಅದನ್ನು ಚಾಲಕನ ಕೈಗೆ ಕೊಟ್ಟುಬಿಡುತ್ತಾರೆ.

ಈಗ ಹೊರೆ ನೆಲದಿಂದ 3 ಮೀಟರ್ ಎತ್ತರದಲ್ಲಿರುವಾಗ ಚಾಲಕನು ಮುಂದಕ್ಕೆ ಚಲಿಸುತ್ತ ಮೆಲ್ಲನೆ ಬ್ರೇಕ್ ಹಾಕಿದನೆನ್ನೋಣ. ವೇಗ ಕುಗ್ಗುವ ಪ್ರಮಾಣ ಗುರುತ್ವ ವೇಗೋತ್ಕರ್ಷದ ಇಪ್ಪತ್ತನೆಯ ಒಂದು ಭಾಗ ಮಾತ್ರ. ಜಡತ್ವದಿಂದಾಗಿ ಹೊರೆ 300ರಷ್ಟು ಭ್ರಾಮಕವನ್ನೂ, ವಾಹನ ತಾನೇ ಸುಮಾರು 100ರಷ್ಟನ್ನೂ ಮುಂದಕ್ಕೆ ಸೇರಿಸುತ್ತವೆ. ಮೂಲ ಬ್ಯಾಟರಿಯಿದ್ದಾಗ 2205ಕ್ಕೆ ಎದುರಾಗಿ 2625 ಇತ್ತು, ವಾಹನ ನಿಲ್ಲುತ್ತಿತ್ತು. ಹಗುರವಾದ ಬದಲಿಯಿದ್ದಾಗ ಸುಮಾರು 2180ಕ್ಕೆ ಎದುರಾಗಿ 1957 ಮಾತ್ರ. ಹಿಂದಿನ ಗಾಲಿಗಳು ನೆಲವನ್ನು ಬಿಡುತ್ತವೆ. ಈ ವಾಹನಗಳಲ್ಲಿ ಸಾಮಾನ್ಯವಾಗಿ ತಿರುಗುವ ಗಾಲಿಗಳು ಹಿಂದಿನವೇ ಆದ್ದರಿಂದ, ಆ ಕ್ಷಣದಲ್ಲಿ ಚಾಲಕನಿಗೆ ದಿಕ್ಕಿನ ಮೇಲೂ ಹಿಡಿತ ತಪ್ಪುವುದು. ಹತ್ತಿರ ನಿಂತ ಕೂಲಿಯಾಳು ಏನಾದಾನೆಂಬುದನ್ನು ವಿವರಿಸಬೇಕಾಗಿಲ್ಲ. ಇಳಿಜಾರು, ನೆಲದ ಗುಂಡಿ, ಕಂಬವನ್ನು ಮುಂದಕ್ಕೆ ಬಾಗಿಸುವುದು, ಇವೆಲ್ಲವೂ ಇದೇ ಪರಿಣಾಮವನ್ನುಂಟುಮಾಡಬಲ್ಲವು. ಆದಕಾರಣವೇ ಇಂಥ ವಾಹನಗಳ ಫಲಕದ ಮೇಲೆ ಬ್ಯಾಟರಿಯ ಕನಿಷ್ಠ ತೂಕವನ್ನು ಕೆತ್ತಿರುತ್ತಾರೆ. ಗರಿಷ್ಠ ತೂಕವನ್ನೂ ಕಾಣಿಸಿರುವುದುಂಟು. ಅಚ್ಚುಗಳೂ ಬ್ರೇಕುಗಳೂ ಹೊರಬಲ್ಲದ್ದಕ್ಕೆ ಮಿತಿಯಿದೆಯಷ್ಟೆ.

ಇನ್ನು ಶಕ್ತಿಯ ವಿಷಯ. ಸೀಸ-ಆಮ್ಲ ಕೋಶವನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದನು. ಕೋಶವೊಂದಕ್ಕೆ 2 ವೋಲ್ಟಿನಂತೆ 48 ವೋಲ್ಟಿಗೆ 24 ಕೋಶಗಳು ಶ್ರೇಣಿಯಲ್ಲಿರಬೇಕು. ನಮ್ಮ ಉದಾಹರಣೆಯ ವಾಹನದಲ್ಲಿ 600 ಆಂಪಿಯರ್-ಗಂಟೆಯ ಕೋಶಗಳಿದ್ದರೆ ಒಟ್ಟು ಶಕ್ತಿ 28.8 ಕಿಲೋವಾಟ್-ಗಂಟೆ, ಶೇಕಡಾ 80ರವರೆಗೆ ಬಳಸುವ ವಾಡಿಕೆಯಂತೆ ಕೈಗೆ ದೊರೆಯುವುದು 23. ಮೋಟಾರು ಕಾರಿನ ಬ್ಯಾಟರಿ ಈ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಎಂಜಿನನ್ನು ಹೊರಡಿಸಲು ಕೆಲವು ಕ್ಷಣಗಳ ಕಾಲ ಪ್ರಬಲ ಪ್ರವಾಹವನ್ನು ಕೊಡಲೆಂದು ಅದರ ಫಲಕಗಳನ್ನು ತೆಳುವಾಗಿ ಮಾಡಿರುತ್ತಾರೆ. ದಿನವೂ ಬರಿದಾಗಿಸಿದರೆ ಫಲಕಗಳ ಮೇಲಿನ ಲೇಪ ಉದುರಿ, ಅದು ಬೇಗನೆ ನಿಷ್ಪ್ರಯೋಜಕವಾಗುವುದು.

ಇನ್ವರ್ಟರ್ ಬ್ಯಾಟರಿಯ ಮಾತು ಬೇರೆ. ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಎತ್ತರದ ಬಗೆಯಲ್ಲಿ ಧನಫಲಕಗಳು ಕೊಳವೆಗಳ ರೂಪದಲ್ಲಿರುತ್ತವೆ. ಫೋರ್ಕ್‌ಲಿಫ್ಟಿನ ಕೋಶಗಳಲ್ಲಿಯೂ ಅನೇಕವು ಇದೇ ರಚನೆಯವು. ಆಳವಾದ ವಿಸರ್ಜನೆಯನ್ನು ಇದು ತಾಳಬಲ್ಲದು. ಆದರೆ 150 ಎಂಬ ಅಂಕೆ 20 ಗಂಟೆಗಳಲ್ಲಿ ನಿಧಾನವಾಗಿ ಬರಿದಾಗುವಾಗಿನದು. ಫೋರ್ಕ್‌ಲಿಫ್ಟಿನ ಬ್ಯಾಟರಿಯನ್ನಾದರೋ 5 ಅಥವಾ 6 ಗಂಟೆಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಪ್ರವಾಹ ಹೆಚ್ಚಿದಂತೆ ದೊರೆಯುವ ಧಾರಣೆ ಕುಗ್ಗುವುದೆಂಬ ನಿಯಮವನ್ನು ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲಿ ಸೂತ್ರರೂಪದಲ್ಲಿ ನಿರೂಪಿಸಿದನು. ಅದರಂತೆ, ಘಾತವನ್ನು 1.15 ಎಂದು ಹಿಡಿದರೆ, 150 ಇಲ್ಲಿ ಸುಮಾರು 125 ಆಗುವುದು. ಅಂಥ ನಾಲ್ಕನ್ನು ಶ್ರೇಣಿಯಲ್ಲಿ ಜೋಡಿಸಿದರೆ ದೊರೆಯುವುದು 6 ಕಿಲೋವಾಟ್-ಗಂಟೆ. ಬಳಸಬಹುದಾದದ್ದು ಐದಕ್ಕೂ ಕಡಿಮೆ. ಪೂರ್ಣ ಪಾಳಿಯ ಕೆಲಸದ ಐದನೆಯ ಒಂದು ಭಾಗವದು. ಹಾಗಾದರೆ ನಾಲ್ಕು ಸಾಲುಗಳನ್ನು ಸಮಾಂತರವಾಗಿ ಇಡಬಾರದೇಕೆ? ಒಂದೊಂದು 55 ಕಿಲೋಗ್ರಾಮಿನಂತೆ 16ರ ತೂಕ 880 ಕಿಲೋಗ್ರಾಂ. ಸಮತೋಲಕ್ಕೂ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಸ್ಥಳವಿಲ್ಲ. ಇಂಥ ವಾಹನದ ಬ್ಯಾಟರಿ ಗೂಡಿನ ತಳ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚಿದ್ದೀತು; ಹದಿನಾರು ಬ್ಯಾಟರಿಗಳು ಒಂದೂವರೆ ಚದರ ಮೀಟರ್ ಬೇಡುತ್ತವೆ, ಒಂದರ ಮೇಲೊಂದನ್ನು ಇಡಲು ಎತ್ತರವೂ ಸಾಲದು.

ಪ್ರವಾಹದ ಪ್ರಮಾಣವನ್ನೂ ನೋಡಬೇಕು. 2000 ಕಿಲೋಗ್ರಾಂ ಹೊರೆಯನ್ನು ಸೆಕೆಂಡಿಗೆ 0.3 ಮೀಟರಿನಂತೆ ಎತ್ತಲು ಸುಮಾರು 5900 ವಾಟ್ ಬೇಕು; ಪಂಪು ಮೋಟಾರುಗಳ ನಷ್ಟವನ್ನು ಸೇರಿಸಿದರೆ ಬ್ಯಾಟರಿಯಿಂದ 180 ಆಂಪಿಯರಿಗೆ ಕಡಿಮೆಯಿಲ್ಲದಷ್ಟು ಪ್ರವಾಹ ಹರಿಯಬೇಕಾಗುವುದು. ಚಿಕ್ಕ ಬ್ಯಾಟರಿಯ ಅಂತಃರೋಧ ಹೆಚ್ಚಾದ್ದರಿಂದ ಆಗ ವೋಲ್ಟೇಜು ಕುಸಿದು, ಹೊರೆ ಅರ್ಧ ದಾರಿಯಲ್ಲಿರುವಾಗಲೇ ನಿಯಂತ್ರಕ ಯಂತ್ರವನ್ನು ನಿಲ್ಲಿಸಿಬಿಡಬಹುದು. ಸಾಲುಗಳನ್ನು ಸಮಾಂತರವಾಗಿ ಜೋಡಿಸುವುದಾದರೆ ಪ್ರತಿ ಸಾಲಿಗೂ ಪ್ರತ್ಯೇಕ ಫ್ಯೂಸು ಇರಲೇಬೇಕು. ಇಲ್ಲವಾದರೆ ಒಂದು ಸಾಲಿನ ಕೋಶ ಕೆಟ್ಟಾಗ ಉಳಿದ ಸಾಲುಗಳೆಲ್ಲ ತಮ್ಮ ಪ್ರವಾಹವನ್ನು ಅದರೊಳಕ್ಕೆ ಸುರಿಯುತ್ತವೆ.

ಲಿಥಿಯಂ ಕೋಶಗಳು ಶಕ್ತಿಯಲ್ಲಿಯೂ ಪ್ರವಾಹದಲ್ಲಿಯೂ ಮೇಲು. ತೂಕದ ಪ್ರಶ್ನೆಯಾದರೋ ಇಲ್ಲಿಯೇ ಅತಿ ತೀವ್ರವಾಗಿದೆ. 2010ರಲ್ಲಿ ಮಾರಾಟಕ್ಕೆ ಬಂದ ನಿಸಾನ್ ಲೀಫ್ ಕಾರಿನ 24 ಕಿಲೋವಾಟ್-ಗಂಟೆಯ ಬ್ಯಾಟರಿಯಲ್ಲಿ 48 ಘಟಕಗಳಿದ್ದುವು. ಅವುಗಳಲ್ಲಿ ಏಳನ್ನು ಶ್ರೇಣಿಯಲ್ಲಿಟ್ಟರೆ 14 ಕೋಶಗಳ ಸರಣಿಯಾಗಿ 52 ವೋಲ್ಟಿನ ಆಸುಪಾಸು ದೊರೆಯುವುದರಿಂದ, 48 ವೋಲ್ಟಿನ ವಾಹನಕ್ಕೆ ಅದು ಹೊಂದುತ್ತದೆ. ಎರಡು ಸಾಲಿಗೆ 14 ಘಟಕಗಳು; ಹೊಸದಾಗಿದ್ದಾಗ 7 ಕಿಲೋವಾಟ್-ಗಂಟೆ ಶಕ್ತಿ; ತೂಕ 55 ಕಿಲೋಗ್ರಾಮಿನಷ್ಟೂ ಇಲ್ಲ! ಮೇಲೆ ಲೆಕ್ಕ ಹಾಕಿದ ಅಪಾಯವೇ ಇಲ್ಲಿಯೂ ಎದುರಾಗುವುದು. ಆದುದರಿಂದ ಕೊರತೆಯಾದ ತೂಕವನ್ನು ಕಬ್ಬಿಣದಿಂದ ತುಂಬಲೇಬೇಕು. ಅದು ಕಷ್ಟವೇನಲ್ಲ. 890 ಕಿಲೋಗ್ರಾಂ ಉಕ್ಕು ಕೇವಲ 113 ಲೀಟರಿನಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ಗೂಡಿನಲ್ಲಿ 300 ಲೀಟರಿಗೂ ಹೆಚ್ಚು ಜಾಗವಿರುತ್ತದೆ. ಹಲಗೆಗಳನ್ನು ಗೂಡಿನ ತಳದಲ್ಲಿ ಹಾಸಿ, ಜಾರದಂತೆ ಬೋಲ್ಟುಗಳಿಂದ ಬಿಗಿದು, ಒಟ್ಟು ಗುರುತ್ವಕೇಂದ್ರ ಮೂಲ ಬ್ಯಾಟರಿಯದಕ್ಕಿಂತ ಮೇಲೇರದಂತೆಯೂ ಪಕ್ಕಕ್ಕೆ ಸರಿಯದಂತೆಯೂ ನೋಡಿಕೊಳ್ಳಬೇಕು. ಮರಳಿನ ಚೀಲಗಳು ಈ ಕೆಲಸಕ್ಕೆ ಬಾರವು. ತಿರುವಿನಲ್ಲಿ ಜರುಗುವ ತೂಕ, ಇಲ್ಲದ ತೂಕಕ್ಕಿಂತ ಕೆಟ್ಟದ್ದಾಗಬಹುದು.

ಬದಲಿ ಬಂದ ಮೇಲೆ ಹಳೆಯ ಚಾರ್ಜರನ್ನು ಹಾಗೆಯೇ ಬಳಸುವುದು ಇನ್ನೊಂದು ಅವಿವೇಕ. ಸೀಸದ 24 ಕೋಶಗಳಿಗಾಗಿ ಮಾಡಿದ ಚಾರ್ಜರು ಕೊನೆಯಲ್ಲಿ 62 ವೋಲ್ಟಿನವರೆಗೂ ಏರಬಲ್ಲದು. ಮೇಲೆ ಹೇಳಿದ 14 ಕೋಶಗಳ ಸರಣಿಯಾದರೋ 59ಕ್ಕಿಂತ ಮೇಲೆ ಹೋಗಕೂಡದು. ಅತಿಯಾಗಿ ತುಂಬಿದ ಲಿಥಿಯಂ ಕೋಶ ಬೆಂಕಿಗೆ ಗುರಿಯಾಗುತ್ತದೆ. ಪ್ರತಿಯೊಂದು ಕೋಶದ ವೋಲ್ಟೇಜನ್ನೂ ಕಾಯುವ ನಿಯಂತ್ರಣ ಮಂಡಲವಿಲ್ಲದೆ ಇವನ್ನು ಬಳಸುವುದನ್ನು ನಾವು ಒಪ್ಪಲಾರೆವು. ಸೀಸದ ಬದಲಿಯಲ್ಲಿ ತೊಂದರೆ ಬೇರೆ ಬಗೆಯದು: 600 ಆಂಪಿಯರ್-ಗಂಟೆಗೆ ತಕ್ಕ ಪ್ರವಾಹವನ್ನು 150ರ ಬ್ಯಾಟರಿಗೆ ನುಗ್ಗಿಸಿದರೆ ಆಮ್ಲ ಕಾದು, ಜಲಜನಕ ಮತ್ತು ಆಮ್ಲಜನಕಗಳು ಹೇರಳವಾಗಿ ಹೊರಡುವುವು. ಗಾಳಿಯಲ್ಲಿ ಜಲಜನಕ ನೂರಕ್ಕೆ ನಾಲ್ಕು ಭಾಗವಾದರೆ ಒಂದು ಕಿಡಿ ಸಾಕು.

ವಾಹನದ ಮೇಲಿನ ಬ್ಯಾಟರಿ ಸೂಚಕವನ್ನೂ ನಂಬುವಂತಿಲ್ಲ. ಅದು ಸೀಸದ ಕೋಶದ ವೋಲ್ಟೇಜು ಇಳಿಯುವ ಕ್ರಮಕ್ಕೆ ಹೊಂದಿಸಿದ್ದು. ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬಗೆಯ ಕೋಶದಲ್ಲಿ ವೋಲ್ಟೇಜು ಬಹುಕಾಲ ಒಂದೇ ಸಮನಾಗಿದ್ದು ಕೊನೆಯಲ್ಲಿ ತಟ್ಟನೆ ಬೀಳುವುದರಿಂದ, ತುಂಬಿದೆಯೆಂದು ಸೂಚಕ ತೋರಿಸುತ್ತಿರುವಾಗಲೇ ವಾಹನ ನಿಂತುಹೋಗಬಹುದು.

ಕೊನೆಯದಾಗಿ ಫಲಕದ ವಿಷಯ. ಅಮೆರಿಕ ಸಂಯುಕ್ತ ಸಂಸ್ಥಾನದ ಕಾರ್ಮಿಕ ಸುರಕ್ಷಾ ನಿಯಮಗಳ ಪ್ರಕಾರ, ಹೊರೆಯೆತ್ತುವ ಸಾಮರ್ಥ್ಯವನ್ನಾಗಲಿ ಸುರಕ್ಷಿತ ಚಾಲನೆಯನ್ನಾಗಲಿ ಬಾಧಿಸುವ ಮಾರ್ಪಾಟನ್ನು ತಯಾರಕರ ಲಿಖಿತ ಅನುಮತಿಯಿಲ್ಲದೆ ಮಾಡುವಂತಿಲ್ಲ. ಮಾಡಿದ ಮೇಲೆ ಫಲಕದ ಅಂಕೆಗಳನ್ನೂ ಅದಕ್ಕನುಗುಣವಾಗಿ ತಿದ್ದಬೇಕು. ನಮ್ಮಲ್ಲಿ ಹಳೆಯ ವಾಹನಗಳು ಕೈಯಿಂದ ಕೈಗೆ ಸಾಗುವಾಗ ಎಷ್ಟೋ ವೇಳೆ ಆ ಫಲಕವೇ ಕಳಚಿಹೋಗಿರುತ್ತದೆ. ಅಂಥ ವಾಹನಕ್ಕೆ ಬದಲಿ ಬ್ಯಾಟರಿಯನ್ನು ಹೂಡುವ ಮುನ್ನ ಹಳೆಯ ಬ್ಯಾಟರಿಯನ್ನು ಗುಜರಿಗೆ ಸಾಗಿಸದೆ, ಮೊದಲು ತೂಕದ ಸೇತುವೆಯ ಮೇಲಿಟ್ಟು ಅದರ ತೂಕವನ್ನು ಬರೆದಿಟ್ಟುಕೊಳ್ಳತಕ್ಕದ್ದು.