ಕರಿ ಟೋಪಿಯನ್ನು ಒಗೆಯಬೇಡಿ

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದ ನಮ್ಮ ಕೆಲವು ಮನೆಗಳಲ್ಲಿ ಹಿರಿಯರ ಉಣ್ಣೆಯ ಕರಿ ಟೋಪಿ ಇನ್ನೂ ಪೆಟ್ಟಿಗೆಯಲ್ಲಿದೆ. ಮದುವೆ-ಮುಂಜಿಗೆಂದು ಹೊರತೆಗೆದಾಗ ಧೂಳು ಕಂಡು, ಸಾಬೂನು ನೀರಿಗೆ ಹಾಕುವ ಮನಸ್ಸಾಗುವುದು ಸಹಜ. ಹಾಗೆ ತೊಳೆದ ಫೆಲ್ಟ್ ಟೋಪಿ ಮತ್ತೆ ತಲೆಗೆ ಕೂಡುವುದು ಕಷ್ಟ.

ಕಾರಣವಿಷ್ಟೆ. ಡಬ್ಬಾವಾಲರ ಬಿಳಿ ಟೋಪಿ ನೇಯ್ದ ಹತ್ತಿ ಬಟ್ಟೆಯದು; ಅದನ್ನು ಒಗೆಯಬಹುದು. ಫೆಲ್ಟ್ ನೇಯ್ದದ್ದಲ್ಲ. ಉಣ್ಣೆಯ ಎಳೆಯ ಮೈಮೇಲೆ ಮೀನಿಗಿರುವಂಥ ಸೂಕ್ಷ್ಮ ಹುರುಪೆಗಳಿವೆ. ಬಿಸಿ, ತೇವ, ತಿಕ್ಕಾಟ ಕೂಡಿದಾಗ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಫೆಲ್ಟ್ ಆಗುತ್ತದೆ. ಒಗೆಯುವಾಗ ಅದೇ ಕ್ರಿಯೆ ಮುಂದುವರಿದು ಟೋಪಿ ಕುಗ್ಗುತ್ತದೆ.

ಆದ್ದರಿಂದ ಒಣಗಿದ್ದಾಗಲೇ ಶುಚಿ ಮಾಡಬೇಕು. ಮೆತ್ತನೆಯ ಬಟ್ಟೆ ಬ್ರಷ್ ಇಲ್ಲದಿದ್ದರೆ ತೊಳೆದು ಒಣಗಿಸಿದ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಉಣ್ಣೆ ಮಲಗಿದ ದಿಕ್ಕಿಗೇ ಹಗುರವಾಗಿ ಎಳೆಯಿರಿ. ಅಂಟಿದ ಕೊಳೆಯನ್ನು ನಿನ್ನೆಯ ಪಾವಿನ ಒಳತಿರುಳಿನಿಂದ ಒತ್ತಿ ತೆಗೆದು, ಚೂರುಗಳನ್ನು ಪೂರ್ತಿ ಕೊಡವಿರಿ. ಅಂಚಿನ ತಲೆಯೆಣ್ಣೆಯ ಜಿಡ್ಡಿಗೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ, ರಾತ್ರಿ ಬಿಟ್ಟು, ಬೆಳಿಗ್ಗೆ ಬ್ರಷ್ ಮಾಡಿ. ಇವನ್ನೆಲ್ಲ ಮೊದಲು ಒಳಭಾಗದಲ್ಲಿ ಪರೀಕ್ಷಿಸುವುದು ಲೇಸು.

ಜೂನ್ ತಿಂಗಳ ಮಳೆಗೆ ಮೊದಲೇ ಟೋಪಿಯನ್ನು ನೆರಳಿನ ಗಾಳಿಗಿಟ್ಟು, ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಬೇಕು. ತೇವ ಉಳಿದರೆ ಬೂಷ್ಟು. ಬೆವರು-ಜಿಡ್ಡು ಉಳಿದರೆ ಉಣ್ಣೆ ತಿನ್ನುವ ಹುಳು. ವರುಷಕ್ಕೆ ಅರ್ಧ ಗಂಟೆಯ ಈ ಆರೈಕೆಯಿಂದ ಹಿರಿಯರ ಟೋಪಿ ಮೊಮ್ಮಕ್ಕಳ ಕೈಗೂ ನೆಟ್ಟಗೆ ತಲುಪೀತು.