ಬೇಟೆಗಾರರ ದುರ್ಬೀನುಗಳು

ಬೇಟೆಗಾರನ ಮುಖ್ಯವಾದ ಉಪಕರಣವು ಯಾವುದೆಂದು ಕೇಳಿದರೆ ನಮ್ಮಲ್ಲಿ ಎಲ್ಲರೂ ಕೋವಿಯೆಂದೇ ಉತ್ತರ ಕೊಟ್ಟಾರು. ಆಲ್ಪ್ಸ್ ಪರ್ವತಪ್ರಾಂತದ ಆಸ್ಟ್ರಿಯದಲ್ಲಿ ಹೀಗೆ ಉತ್ತರ ಕೊಟ್ಟ ನಾವು ನಗೆಗೀಡಾದೆವು. ಅಲ್ಲಿ ಕೋವಿಗಿಂತ ಹೆಚ್ಚಿನ ಹಣವನ್ನು ಕೊರಳಿಗೆ ತೂಗಹಾಕುವ ಜೋಡಿ ದುರ್ಬೀನಿಗೆ ಸುರಿಯುವವರುಂಟು. ಉತ್ತಮ ವರ್ಗದ ಒಂದು ದುರ್ಬೀನಿಗೆ ಈಗ ಸುಮಾರು ೨,೫೦೦ರಿಂದ ೩,೦೦೦ ಯೂರೋ ಬೆಲೆ; ಎಂದರೆ ನಮ್ಮ ಎಣಿಕೆಯಲ್ಲಿ ಎರಡೂವರೆ ಮೂರು ಲಕ್ಷ ರೂಪಾಯಿಗಳ ಮಾತು!

ನಾವು ಬೇಟೆಯಾಡಿದವರಲ್ಲ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ವಿನೋದಕ್ಕೆ ಎಡೆಯಿಲ್ಲ. ಅದಕ್ಕೆ ಬಹು ಹಿಂದೆಯೇ ಮನುವು ಕಾಮಜವಾದ ಹತ್ತು ವ್ಯಸನಗಳನ್ನೆಣಿಸುವಾಗ ಮೃಗಯೆಯನ್ನು ಮೊದಲಿಗಿಟ್ಟಿದ್ದಾನೆ. ಹೀಗಿದ್ದೂ ಈ ವಿಷಯದಲ್ಲಿ ಲೇಖನಿ ಹಿಡಿಯಲು ಕಾರಣವುಂಟು. ಎರಡು ವರ್ಷಗಳ ಕೆಳಗೆ ಆಗಸ್ಟ್ ತಿಂಗಳನ್ನು ನಾವು ಟಿರೋಲ್ ಸೀಮೆಯಲ್ಲಿ, ಇನ್ಸ್‌ಬ್ರುಕ್ ನಗರದ ಸಮೀಪದಲ್ಲಿ ಉದ್ಯೋಗದಲ್ಲಿರುವ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಕಳೆದೆವು. ನೆರೆಮನೆಯ ಮುದುಕನು ಐವತ್ತು ವರ್ಷ ಬೆಟ್ಟ ತುಳಿದ ಬೇಟೆಗಾರ. ಶಿಷ್ಯನು ದುಭಾಷಿಯಾಗಲು ನಾವು ಆ ಮುದುಕನ ವಿದ್ಯಾರ್ಥಿಗಳಾದೆವು.

ಮೊದಲ ದಿನವೇ ಆತನು ಒಂದು ಶಬ್ದವನ್ನು ಕಲಿಸಿದನು: ‘ಆನ್‌ಶ್ಪ್ರೆಖೆನ್’. ಜರ್ಮನ್ ಭಾಷೆಯ ಲೋಕವ್ಯವಹಾರದಲ್ಲಿ ಇದಕ್ಕೆ ‘ಮಾತನಾಡಿಸುವುದು’ ಎಂದರ್ಥ. ಬೇಟೆಗಾರರ ಪರಿಭಾಷೆಯಲ್ಲಾದರೋ, ಎದುರಿಗಿರುವ ಮೃಗವು ಗಂಡೋ ಹೆಣ್ಣೋ, ವಯಸ್ಸೆಷ್ಟು, ರೋಗಿಯೋ ದೃಢಕಾಯವೋ, ಮರಿಯುಳ್ಳದ್ದೋ ಎಂಬುದನ್ನು ಗುಂಡು ಹಾರಿಸುವ ಮೊದಲೇ ನಿಶ್ಚಯಿಸಿಕೊಳ್ಳುವುದಕ್ಕೆ ಈ ಹೆಸರು. ಮಾತನಾಡಿಸದೆ ಕೊಲ್ಲಕೂಡದು! ವ್ಯುತ್ಪತ್ತಿಯ ಹುಚ್ಚುಳ್ಳ ನಮಗೆ ಈ ರೂಢಾರ್ಥವು ಎರಡು ರಾತ್ರಿ ನಿದ್ರೆಗೆಡಿಸಿತು. ಇದು ಬರಿಯ ಸಂಪ್ರದಾಯವೂ ಅಲ್ಲ. ಮರಿಗಳು ಸ್ವತಂತ್ರವಾಗಿ ಬದುಕಲು ಶಕ್ತವಾಗುವ ತನಕ ಅವುಗಳ ಪೋಷಣೆಗೆ ಬೇಕಾದ ತಾಯಿಯನ್ನು ಹೊಡೆಯುವುದು ನೆರೆಯ ಜರ್ಮನಿಯ ಬೇಟೆಯ ಕಾಯಿದೆಯಂತೆ ಅಪರಾಧ. ಕೋವಿಯ ಮೇಲೆಯೂ ಒಂದು ದುರ್ಬೀನಿರುವುದಾದರೂ, ಅದರಲ್ಲಿ ನೋಡಬೇಕಾದರೆ ನಳಿಗೆಯನ್ನು ಗುರಿಗೆ ತಿರುಗಿಸಿಯೇ ನೋಡಬೇಕು. ಕಂಡದ್ದು ಅಣಬೆ ಆಯುವ ಮನುಷ್ಯನಾಗಿದ್ದರೆ ಗತಿಯೇನು? ಆದಕಾರಣ ಮಾತನಾಡಿಸುವ ಕೆಲಸವೆಲ್ಲ ಕೊರಳಿನ ದುರ್ಬೀನಿನದು.

ಆ ಸೀಮೆಯ ಮುಖ್ಯ ಮೃಗ ‘ಗಾಮ್ಸ್’ ಎಂಬ ಬೆಟ್ಟಮೇಕೆ. ಇದರಲ್ಲಿ ಗಂಡು ಹೆಣ್ಣು ಎರಡಕ್ಕೂ ಕೊಂಬುಂಟು. ಗಂಡಿನದು ದಪ್ಪನಾಗಿ ತುದಿಯಲ್ಲಿ ಕೊಕ್ಕೆಯಂತೆ ಹೆಚ್ಚು ಬಾಗಿದ್ದರೆ, ಹೆಣ್ಣಿನದು ತೆಳುವು. ಇಷ್ಟನ್ನು ಮುನ್ನೂರು ನಾನೂರು ಗಜಗಳಾಚೆಯಿಂದ, ಸಂಜೆ ಬೆಳಕಿನಲ್ಲಿ ಕಾಣಬೇಕು. ಮೂವತ್ತು ವರ್ಷಗಳ ಹಿಂದೆ ಒಂದು ಸೆಪ್ಟೆಂಬರಿನ ಸಂಜೆ, ಮುದುಕನು ಅಗ್ಗದ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ, ಮರಿಯಿಲ್ಲದ ಮುದಿ ಹೆಣ್ಣೆಂದು ಗೊತ್ತುಮಾಡಿ ಗುಂಡು ಹೊಡೆದನಂತೆ. ಹತ್ತಿ ಹೋಗಿ ಮುಟ್ಟಿದರೆ ಕೆಚ್ಚಲಿನಲ್ಲಿ ಹಾಲು! ಮೇಲಣ ಬಂಡೆಗಳ ನಡುವಿನಿಂದ ಮರಿಯ ಕೂಗು ಕೇಳಿತು. ಅಷ್ಟರಲ್ಲಿ ಕತ್ತಲಾಯಿತು, ಮರುದಿನ ಎಷ್ಟು ಹುಡುಕಿದರೂ ಅದು ಸಿಕ್ಕಲಿಲ್ಲ. “ಮೋಟಾರು ಸೈಕಲ್ಲನ್ನು ಮಾರಿ ದುರ್ಬೀನು ಕೊಂಡೆ” ಎಂದಷ್ಟೇ ಹೇಳಿ ಸುಮ್ಮನಾದನು. ನಾವೂ ಮುಂದೆ ಕೇಳಲಿಲ್ಲ.

ಹೀಗೆ ಕೊಳ್ಳಹೊರಟವನ ಮುಂದೆ ಮುಖ್ಯವಾಗಿ ಮೂರು ಹೆಸರುಗಳು ಬರುತ್ತವೆ. ಕಾರ್ಲ್ ಝೈಸನು ಜರ್ಮನಿಯ ಯೇನಾ ಪಟ್ಟಣದಲ್ಲಿ ೧೮೪೬ರಲ್ಲಿ ಕಾರ್ಯಾಗಾರವನ್ನು ತೆರೆದನು. ಆ ಸಂಸ್ಥೆಯು ಪಟ್ಟಕಗಳುಳ್ಳ ಜೋಡಿ ದುರ್ಬೀನನ್ನು ೧೮೯೪ರಲ್ಲಿ ಮಾರಾಟಕ್ಕೆ ತಂದಿತು. ಲೈಕಾ ಎಂಬುದು ವೆಟ್ಸ್ಲಾರಿನ ಲೈಟ್ಸ್ ಮನೆತನದ ಸಂಸ್ಥೆಯಿಂದ ಬೆಳೆದುದು. ಅವರ ಮೊದಲ ದುರ್ಬೀನು ೧೯೦೭ರದು. ಸ್ವರೋವ್‌ಸ್ಕಿ ಆಪ್ಟಿಕ್ ಇವರಲ್ಲಿ ಕಿರಿಯದು; ೧೯೪೯ರಲ್ಲಿ ಅಬ್ಸಾಮ್ ಎಂಬ ಹಳ್ಳಿಯಲ್ಲಿ, ನಾವು ಇಳಿದುಕೊಂಡಿದ್ದ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹುಟ್ಟಿತು. ಸ್ವಗ್ರಾಮಾಭಿಮಾನವು ಮುದುಕನಿಗೂ ಇಲ್ಲದಿಲ್ಲ. ಆದರೂ ಹೆಸರನ್ನು ಆಮೇಲೆ ನೋಡಿ, ಮೊದಲು ಅಂಕಿಗಳನ್ನು ನೋಡಿರಿ ಎಂದನು.

ಅಂಕಿಗಳೆಂದರೆ, ಮೈಮೇಲೆ ಮುದ್ರಿಸಿರುವ ೮×೫೬, ೧೦×೪೨ ಎಂಬಿವು. ಮೊದಲನೆಯದು ವಸ್ತುವನ್ನು ಎಷ್ಟು ಪಾಲು ಹತ್ತಿರಕ್ಕೆ ತರುವುದೆಂಬುದನ್ನೂ, ಎರಡನೆಯದು ಮುಂಗಾಜಿನ ಅಗಲವನ್ನು ಮಿಲಿಮೀಟರುಗಳಲ್ಲಿಯೂ ತಿಳಿಸುವುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಧಾರೆಯ ದಪ್ಪ ದೊರೆಯುವುದು: ೮×೫೬ರಲ್ಲಿ ೭, ೮×೪೨ರಲ್ಲಿ ೫.೨೫, ೧೦×೪೨ರಲ್ಲಿ ೪.೨ ಮಿಲಿಮೀಟರು. ಹಗಲಿನಲ್ಲಿ ಕಣ್ಣಿನ ಪಾಪೆಯು ೨–೩ ಮಿಲಿಮೀಟರಿಗೆ ಕುಗ್ಗಿರುವುದರಿಂದ ಈ ಭೇದವು ಗೊತ್ತಾಗದು. ಕತ್ತಲೆಯಲ್ಲಿ ಯುವಕನ ಪಾಪೆಯು ಸುಮಾರು ೭ರ ತನಕ ಅರಳುವುದು. ಅರುವತ್ತಾದವನದು ಸಾಮಾನ್ಯವಾಗಿ ೫ರ ಸುತ್ತಿನಲ್ಲಿ ನಿಂತುಬಿಡುವುದು. ತಂಬಿಗೆಯ ಬಾಯಿ ಕಿರಿದಾದ ಮೇಲೆ ಧಾರೆ ಎಷ್ಟು ದಪ್ಪವಾದರೇನು, ಮಿಕ್ಕದ್ದು ಹೊರಗೆ ಚೆಲ್ಲುವುದಷ್ಟೆ.

ಜರ್ಮನಿಯಲ್ಲಿ ಕಾಡುಹಂದಿಯನ್ನು ರಾತ್ರಿಯಲ್ಲಿಯೂ ಬೇಟೆಯಾಡಬಹುದು. ಬೆಳದಿಂಗಳಲ್ಲಿ ಮರದ ಅಟ್ಟಣೆಯ ಮೇಲೆ ಕುಳಿತು ಕಾಯುವ ಅಂಥವರು ೮×೫೬ನ್ನು ಮೆಚ್ಚುವರು. ತೂಕವು ಒಂದು ಕಿಲೋಗ್ರಾಮನ್ನು ಮೀರಿದರೂ ಕುಳಿತವನಿಗೆ ಅದು ಹೊರೆಯಲ್ಲ. ಬೆಟ್ಟ ಹತ್ತುವವನಿಗೆ ಪ್ರತಿ ಗ್ರಾಮೂ ಲೆಕ್ಕ. ಅವನು ೧೦×೪೨ನ್ನು ಹಿಡಿಯುವನು. ಆದರೆ ಹತ್ತು ಪಾಲು ಹತ್ತಿರ ತೋರಿಸುವ ಯಂತ್ರವು ಕೈನಡುಕವನ್ನೂ ಹತ್ತು ಪಾಲು ಮಾಡಿಯೇ ತೋರಿಸುವುದಷ್ಟೆ? ಏದುಸಿರಿನವನಿಗೆ ೮ರದೇ ವಾಸಿ.

ಗಾಜಿನ ಗುಣದ ಮಾತೇನೆಂದರೆ: ಲೇಪನವಿಲ್ಲದ ಗಾಜಿನ ಒಂದೊಂದು ಮುಖವೂ ನೂರಕ್ಕೆ ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುವುದು, ಅಂಥ ಹತ್ತು ಮುಖಗಳನ್ನು ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ನಷ್ಟ. ೧೯೩೫ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲನು ಅತಿ ತೆಳುವಾದ ಲೇಪನದಿಂದ ಇದನ್ನು ತಡೆಯುವ ಉಪಾಯವನ್ನು ಕಂಡುಹಿಡಿದನು. ಈಗ ಮೂರು ಸಂಸ್ಥೆಗಳ ಉತ್ತಮ ದುರ್ಬೀನುಗಳೂ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಬೆಳಕನ್ನು ದಾಟಿಸುತ್ತವೆ. ಒಂದೆರಡು ಪಾಲಿನ ಅಂತರವನ್ನು ಕಣ್ಣು ಗುರುತಿಸಲಾರದು; ವಿಜ್ಞಾಪನೆಗಳಲ್ಲಿ ಮಾತ್ರ ಅದಕ್ಕಾಗಿ ಕುರುಕ್ಷೇತ್ರವೇ ನಡೆದಿದೆ.

ಹಾಗಾದರೆ ಮೂರರಲ್ಲಿ ಆಯ್ಕೆ ಹೇಗೆ? ಝೈಸಿನವರು ೨೦೧೪ರಲ್ಲಿ ಹೊರತಂದ ‘ಎಸ್ಎಫ್’ ಎಂಬ ಮಾದರಿಯಲ್ಲಿ ಭಾರವು ಕಣ್ಣಿನ ಕಡೆಗೆ ಸರಿದಿರುವುದರಿಂದ ಬಹಳ ಹೊತ್ತು ಎತ್ತಿ ಹಿಡಿದರೂ ತೋಳು ಬೇಗ ಸೋಲದು. ಸ್ವರೋವ್‌ಸ್ಕಿಯ ಹೊಸ ಮಾದರಿಗಳಲ್ಲಿ ನೋಟವು ಅಂಚಿನ ತನಕ ಸ್ಫುಟ. ಆದರೆ ಯಂತ್ರವನ್ನು ಪಕ್ಕಕ್ಕೆ ತಿರುಗಿಸುತ್ತ ಹೋದಾಗ ಬೆಟ್ಟವೇ ಚೆಂಡಿನಂತೆ ಉರುಳಿದ ಹಾಗೆ ಕೆಲವರಿಗೆ ತೋರುವುದು. ಲೈಕಾದ ಬಣ್ಣಗಳನ್ನು ಹೊಗಳುವವರು ಬಹಳ. ದೂರವನ್ನಳೆಯುವ ಲೇಸರ್ ಯಂತ್ರವನ್ನು ಒಳಗಿಟ್ಟ ‘ಜಿಯೋವಿಡ್’ ದುರ್ಬೀನನ್ನು ೧೯೯೨ರಲ್ಲಿ ತಂದವರು ಅವರೇ. ಕನ್ನಡಕದವರು ಇನ್ನೊಂದನ್ನು ನೋಡಿಕೊಳ್ಳತಕ್ಕದ್ದು: ಕಣ್ಣು ಹಿಂಗಾಜಿನಿಂದ ಸಾಕಷ್ಟು ದೂರವಿದ್ದರೂ ಪೂರ್ಣ ನೋಟವು ಸಿಕ್ಕಬೇಕು, ಇಲ್ಲದಿದ್ದರೆ ಕೊಟ್ಟ ಹಣಕ್ಕೆ ಅರ್ಧ ಬೆಟ್ಟ ಮಾತ್ರ! ಇವೆಲ್ಲ ಮೂಗು, ಅಂಗೈ, ಹುಬ್ಬುಗಳ ಸಂಗತಿಗಳಾದುದರಿಂದ ಒಬ್ಬನ ಅಭಿಪ್ರಾಯವು ಮತ್ತೊಬ್ಬನಿಗೆ ಸಲ್ಲದು. ಮುದುಕನ ಪದ್ಧತಿಯು ಸರಳವಾಗಿತ್ತು. ಮಧ್ಯಾಹ್ನದಲ್ಲಿ ಅಂಗಡಿಗೆ ಹೋಗಬೇಡಿರಿ. ಬಾಗಿಲು ಮುಚ್ಚುವ ಹೊತ್ತಿಗೆ ಹೋಗಿ, ಮೂರನ್ನೂ ಬೀದಿಗೆ ತಂದು, ಎದುರುಮನೆಯ ಸೂರಿನ ಕೆಳಗಣ ನೆರಳಿನಲ್ಲಿ ಏನಿದೆಯೆಂದು ನೋಡಿರಿ.

ನಾವು ಹೊರಡುವುದಕ್ಕೆ ಮುಂಚಿನ ಸಂಜೆ ಅವನ ಮನೆಯ ಜಗಲಿಯಲ್ಲಿ ಕುಳಿತೆವು. ಎದುರಿಗೆ ಬೆಟ್ಟೆಲ್‌ವುರ್ಫ್ ಶಿಖರ. ಮೋಟಾರು ಸೈಕಲ್ಲಿನ ಬೆಲೆಗೆ ಕೊಂಡಿದ್ದ ೮×೫೬ನ್ನು ಆತನು ತನಗೆ ಅರುವತ್ತು ತುಂಬಿದಾಗಲೇ ಮೊಮ್ಮಗನಿಗೆಂದು ಎತ್ತಿಟ್ಟನಂತೆ. ಈಗ ಅದು ಆ ಹುಡುಗನ ಕೈಯಲ್ಲಿತ್ತು. ಬೆಳಕು ಕುಂದಿದ ಮೇಲೆ ಅದನ್ನೂ ಶಿಷ್ಯನ ೮×೪೨ನ್ನೂ ನಮ್ಮ ಕೈಗೆ ಕೊಟ್ಟು, ಯಾವುದರಲ್ಲಿ ಬೆಳಕು ಹೆಚ್ಚೆಂದು ಕೇಳಿದನು. ಬಹಳ ಹೊತ್ತು ಅದಲು ಬದಲು ಮಾಡಿ ನೋಡಿದೆವು. ಎರಡೂ ಒಂದೇ ಎಂದೆವು. ಮುದುಕನು ನಮ್ಮ ವಯಸ್ಸನ್ನು ಕೇಳಿ ತಲೆಯಾಡಿಸಿ ನಕ್ಕನು.

ಹುಡುಗನು ತನ್ನದನ್ನು ಹಿಂದಕ್ಕೆ ತೆಗೆದುಕೊಂಡು ಶಿಖರದ ಕೆಳಗಣ ಹುಲ್ಲುಗಾವಲಿನ ಕಡೆಗೆ ಹಿಡಿದನು. ಅಲ್ಲಿ ನಮಗೆ ಬೂದಿಯ ಬಣ್ಣವಲ್ಲದೆ ಮತ್ತೇನೂ ಕಾಣಲಿಲ್ಲ. ಒಂದು ಗಾಮ್ಸ್ ಇದೆ, ಹೆಣ್ಣು, ಒಂಟಿ ಎಂದನು. ಅಜ್ಜನು ಮಾತನಾಡಲಿಲ್ಲ. ಹುಡುಗನು ಮೊಣಕೈಗಳನ್ನು ಕಟಕಟೆಯ ಮೇಲೆ ಊರಿ ಇನ್ನೂ ನೋಡುತ್ತಲೇ ಇದ್ದನು. ಕೆಳಗಿನ ಊರಿನಲ್ಲಿ ಒಂದೊಂದಾಗಿ ದೀಪಗಳು ಹತ್ತಿಕೊಂಡವು. ಎಷ್ಟೋ ಹೊತ್ತಿನ ಮೇಲೆ, ಇಲ್ಲ, ಕಲ್ಲಿನ ಹಿಂದೆ ಮರಿ ಮಲಗಿದೆ, ಈಗ ಎದ್ದಿತು ಎಂದನು.