ಕಸೂತಿಗೆ ಬೆಲೆ ಕಟ್ಟುವ ವಿದ್ಯೆ

ಧಾರವಾಡದಲ್ಲಿ ಕಸೂತಿ ಕಲಿಸುವವರಿಗೆ ಯಾವ ಕಾಲದಲ್ಲೂ ಬರವಿರಲಿಲ್ಲ. ಕಲಿತ ಕಸೂತಿಯನ್ನು ಉದ್ಯೋಗವಾಗಿ ನಡೆಸುವುದು ಹೇಗೆಂದು ಹೇಳಿಕೊಡುವ ವ್ಯವಸ್ಥೆ ಮಾತ್ರ ಈಚಿನದು. ರೈಲು ನಿಲ್ದಾಣಕ್ಕೆ ಹತ್ತಿರದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ ಈ ಸೂಜಿ ಕೆಲಸ ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟುತ್ತ ಬಂದದ್ದು. ಕೂಸಿನ ಕುಂಚಿಗಿ, ಖಣದ ಕುಪ್ಪಸ, ಮದುಮಗಳ ಕಪ್ಪು ಚಂದ್ರಕಾಳಿ ಸೀರೆ ಇವೆಲ್ಲ ಮನೆಯವರಿಗಾಗಿ ಮನೆಯಲ್ಲೇ ಆದವು. ಅವುಗಳ ಬೆಲೆಯನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆದ್ದರಿಂದ ಇಂದು ಇದೇ ಕೆಲಸವನ್ನು ನೆಚ್ಚಿ ಬದುಕಲು ಹೊರಟ ಹುಡುಗಿಗೆ ಹಿರಿಯರಿಂದ ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ, ಪಲ್ಲಕ್ಕಿಗಳ ನಮೂನೆಗಳು ದೊರೆಯುತ್ತವೆ, ಲೆಕ್ಕದ ಪುಸ್ತಕ ದೊರೆಯುವುದಿಲ್ಲ.

ಕಸೂತಿಯ ಮೂಲವನ್ನು ಚಾಲುಕ್ಯರ ಕಾಲಕ್ಕೆ ಒಯ್ಯುವುದು ವಾಡಿಕೆ. ಇಳಕಲ್ ಸೀರೆಯ ಸೆರಗು ಅದರ ನೆಚ್ಚಿನ ನೆಲೆ. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರ ಮುಂದಾಳತ್ವದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. 1964ರಲ್ಲಿ ಈಗಿನ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ನಿಗಮದ ‘ಕಾವೇರಿ’ ಮಳಿಗೆಗಳ ಮೂಲಕ ಮನೆಯ ಕಸೂತಿ ಪೇಟೆಯ ಕಪಾಟು ಸೇರಿತು.

ಉದ್ಯಮದ ಮಾತಿಗೆ ಮೊದಲು ಹೊಲಿಗೆಯನ್ನು ನೋಡಬೇಕು, ಏಕೆಂದರೆ ಲೆಕ್ಕವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಸಾಗಬೇಕು. ಎಳೆ ಎಣಿಸಲಾಗದಷ್ಟು ನುಣುಪಾದ ಬಟ್ಟೆಯಾದರೆ ಮೇಲೊಂದು ಜಾಳಿಗೆ ಬಟ್ಟೆ ಟಾಕಿ, ಕಸೂತಿ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ನಾಲ್ಕರಲ್ಲಿ ಗವಂತಿಯೇ ಸೋಜಿಗ. ಹೋಗುವಾಗ ಸೂಜಿ ಒಂದು ಹೊಲಿಗೆ ಹಾಕಿ ಒಂದರಷ್ಟು ಜಾಗ ಬಿಡುತ್ತದೆ, ಮರಳುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಗಂಟು ಹಾಕುವಂತಿಲ್ಲ, ದಾರದ ತುದಿ ಹೊಲಿಗೆಯೊಳಗೇ ಅಡಗಬೇಕು. ಗೋಪುರದ ಕಳಸ ಏರಿ ಇಳಿದು, ಬದಿಯ ಕವಲುಗಳಿಗೆ ಹೋಗಿಬಂದು, ಹೊರಟಲ್ಲಿಗೆ ಬಂದು ಮುಟ್ಟುವ ದಾರಿಯನ್ನು ಮೊದಲ ಹೊಲಿಗೆಗೆ ಮುಂಚೆಯೇ ಮನಸ್ಸಿನಲ್ಲಿ ಹಾಕಿಕೊಂಡಿರಬೇಕು. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೂ ಆಕೃತಿ ಕೂಡುವುದಿಲ್ಲ, ಬಿಚ್ಚದೆ ಬೇರೆ ದಾರಿಯಿಲ್ಲ. ಸರಿಯಾಗಿ ಮುಗಿದಾಗ ಸೆರಗಿನ ಮೇಲ್ಮೈ ಯಾವುದು, ಒಳಮೈ ಯಾವುದು ಎಂದು ಗುರುತಿಸಲಾಗದು. ಮುರಗಿಯಲ್ಲೂ ಹೀಗೆಯೇ. ನೇಯ್ಗಿ ಮತ್ತು ಮೆಂತಿಗಳಿಗೆ ಈ ಗುಣವಿಲ್ಲ.

ಈ ಗುಣವೇ ಹೊಸ ಕುಶಲಕರ್ಮಿಯ ಕೈಯಲ್ಲಿರುವ ಬಲವಾದ ವ್ಯಾಪಾರದ ಮಾತು. ಕಂಪ್ಯೂಟರ್ ಕಸೂತಿ ಯಂತ್ರ ಇದೇ ಗೋಪುರವನ್ನು ಬಹಳ ಬೇಗ ಹೊಲಿದು ಕೊಡುತ್ತದೆ. ಆದರೆ ಅದರ ಹಿಂಬದಿಯಲ್ಲಿ ಬಾಬಿನ್ ದಾರದ ಬೇರೆ ಸಾಲು ಕಾಣುತ್ತದೆ. ಗವಂತಿ, ಮುರಗಿಗಳನ್ನು ಕೊಳ್ಳುವವರ ಮುಂದೆ ಸೆರಗು ಮಗುಚಿ ತೋರಿಸುವುದನ್ನು ತರಬೇತಿಯ ಮೊದಲ ಪಾಠವಾಗಿಸಬೇಕು.

ಬೆಲೆಯ ಲೆಕ್ಕ ಎರಡನೆಯ ಪಾಠ, ಅತ್ಯಂತ ಕಷ್ಟದ್ದೂ ಅದೇ. ಒಂದು ಸೀರೆಯ ಸೆರಗು, ಅಂಚುಗಳಿಗೆ 120 ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆಯಂತೆ ಅದು 15 ದಿನದ ದುಡಿಮೆ. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿಯನ್ನೇ ಹಿಡಿದರೂ ಕೂಲಿ 5,550 ರೂಪಾಯಿ. ಮಣ್ಣು ಹೊರುವ ಕೆಲಸದ ಕೂಲಿಗಿಂತ ಎಳೆ ಎಣಿಸುವ ಕೆಲಸದ ಕೂಲಿ ಕಡಿಮೆಯಾಗಬಾರದೆಂಬುದು ಇಲ್ಲಿನ ಕನಿಷ್ಠ ನ್ಯಾಯ. ಸೀರೆಗೆ 2,500, ದಾರಕ್ಕೆ 150 ಸೇರಿಸಿದರೆ ಮೊತ್ತ 8,200. ದೀಪ, ಫೋನು, ಓಡಾಟ, ಇಸ್ತ್ರಿಗೆಂದು ಹತ್ತರಲ್ಲೊಂದು ಪಾಲು ಕೂಡಿಸಿದರೆ 9,020. ಇದು ಮಾಡಿದವಳ ಕೈಗೆ ಬರಲೇಬೇಕಾದ ಹಣ.

ಹೊಸಬರು ಎಡವುವುದು ಇದರ ನಂತರ. ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇ 30 ಕೇಳಿದರೆಂದು 9,020ರ ಮೇಲೆ ಶೇ 30 ಏರಿಸಿ 11,726ಕ್ಕೆ ಚೀಟಿ ಅಂಟಿಸುತ್ತಾರೆ. ಅಂಗಡಿಯವರು ತಮ್ಮ ಪಾಲು ಹಿಡಿಯುವುದು 11,726ರಲ್ಲಿ. ಉಳಿಯುವುದು 8,208. ಖರ್ಚಿಗೆಂದು ಎತ್ತಿಟ್ಟ 820 ರೂಪಾಯಿಯಲ್ಲಿ 812 ಅಲ್ಲಿಗೇ ಕರಗಿತು. ಸರಿಯಾದ ಕ್ರಮದಲ್ಲಿ 9,020 ಎಂಬುದು ಮಾರಾಟದ ಬೆಲೆಯ ಶೇ 70 ಆಗಬೇಕು, ಆಗ ಚೀಟಿಯ ಮೇಲಿನ ಅಂಕಿ 12,886. ಇಷ್ಟು ಸರಳವಾದ ಭಾಗಾಕಾರ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಕೈಗಳು ನಷ್ಟದಲ್ಲಿ ದುಡಿಯುತ್ತವೆ. ಹೀಗೆ ಸ್ವಂತಕ್ಕೆ ಮಾಡಿ ಮಾರುವ ಬದಲು ಸೀರೆ, ದಾರ ಎರಡನ್ನೂ ವ್ಯಾಪಾರಿಯಿಂದ ಪಡೆದು ಆಕೃತಿಗಿಷ್ಟು ಎಂಬ ಮಜೂರಿಗೆ ಹೊಲಿದು ಕೊಡುವ ಕ್ರಮವೂ ಇದೆ. ಅದರಲ್ಲಿ ಬಂಡವಾಳದ ಚಿಂತೆಯಿಲ್ಲ, ಸೀರೆಯ ಮೇಲೆ ಹೆಸರೂ ಇರುವುದಿಲ್ಲ.

ಮನೆಗೆಲಸದ ನಡುವೆ 8 ಗಂಟೆ ಕೂಡುವುದು ಯಾರಿಗೂ ಸಾಧ್ಯವಿಲ್ಲ. ದಿನಕ್ಕೆ 3 ಗಂಟೆ ಸಿಕ್ಕರೆ ಅದೇ ಸೆರಗಿಗೆ 40 ದಿನ ಬೇಕು. ಮಾರಾಟವಾಗುವವರೆಗೆ ಸೀರೆಯ ಹಣ, ದಾರದ ಹಣ, ಕೂಲಿ ಎಲ್ಲವೂ ಅದರಲ್ಲೇ ಸಿಕ್ಕಿಕೊಂಡಿರುತ್ತವೆ. ಕಸೂತಿಯ ಬಂಡವಾಳವೆಂದರೆ ಮುಖ್ಯವಾಗಿ ಹೀಗೆ ಕಾಯುವ ಕಾಲದ ಖರ್ಚು.

ಇಂಥ ಲೆಕ್ಕ ಕಲಿಸಬಲ್ಲ ಸಂಸ್ಥೆಗಳು ಹುಬ್ಬಳ್ಳಿ–ಧಾರವಾಡ ಅವಳಿನಗರದ ಆಸುಪಾಸಿನಲ್ಲೇ ಇವೆ. ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ, ಅಂದರೆ ಸಿಡಾಕ್, 1992ರಲ್ಲಿ ಸ್ಥಾಪನೆಯಾಯಿತು. ಇಡೀ ರಾಜ್ಯಕ್ಕೆ ಉದ್ಯಮಶೀಲತೆಯ ತರಬೇತಿ ಕೊಡುವ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನ ಬದಲು ಧಾರವಾಡದಲ್ಲಿದೆ ಎಂಬುದು ಊರು ಹೆಮ್ಮೆಪಡಬೇಕಾದ ಸಂಗತಿ. ಕೃಷಿ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನದ ಜವಳಿ ವಿಭಾಗ ಕಸೂತಿಯ ನಮೂನೆಗಳ ಬಗ್ಗೆ ಅಧ್ಯಯನ ನಡೆಸಿದೆ. ಅದೇ ಆವರಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕೃಷಿ ಮೇಳದಲ್ಲಿ ಸ್ವಸಹಾಯ ಸಂಘಗಳ ಮಳಿಗೆಗಳೂ ಇರುತ್ತವೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ದೇಶಪಾಂಡೆ ಪ್ರತಿಷ್ಠಾನದ ಸ್ಟಾರ್ಟಪ್ ಕೇಂದ್ರವಿದೆ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ ಇದೆ. ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಹಿಡಿದು ದೇಶದಾದ್ಯಂತ ಆರ್‌ಸೆಟಿಗಳು ಬಂದವು. ಊಟ, ವಸತಿಯೊಂದಿಗೆ ಉಚಿತ ತರಬೇತಿ, ಅದು ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗೆ ನಿಂತು ವಿಚಾರಿಸುವ ಪದ್ಧತಿ ಇವುಗಳ ವಿಶೇಷ. ಕುಶಲ ಕಲೆಯವರಿಗೆ ಈ ಎರಡು ವರ್ಷಗಳ ಆಸರೆ ಪ್ರಮಾಣಪತ್ರಕ್ಕಿಂತ ಹೆಚ್ಚು ಬೆಲೆಯದು.

ಸಾಲದ ಯೋಜನೆಗಳಿಗೂ ಕೊರತೆಯಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಮಹಿಳೆಯರಿಗೆ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35ರಷ್ಟು ಸಹಾಯಧನವಿದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ, ಅದಕ್ಕೆ ಸಹಾಯಧನ. 2015ರಲ್ಲಿ ಬಂದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಸಿಗುತ್ತದೆ. ಕಸೂತಿಗೆ ಹೆಚ್ಚು ಒಗ್ಗುವುದು ಈ ಕೊನೆಯದೇ. ಉಳಿದವುಗಳ ಅರ್ಜಿ ಕೇಳುವುದು ಯಂತ್ರದ ಬೆಲೆಪಟ್ಟಿಯನ್ನು, ಕಸೂತಿಯವಳ ಯಂತ್ರವೆಂದರೆ ಒಂದು ಸೂಜಿ. ಮುದ್ರಾದಲ್ಲೂ ತೊಡಕಿದೆ. ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ, ಮೊದಲ ಸೆರಗು ಮುಗಿಯಲು 40 ದಿನ. ಸ್ತ್ರೀಶಕ್ತಿ, ಸಂಜೀವಿನಿ ಗುಂಪುಗಳಲ್ಲಿರುವವರು ಒಳಸಾಲ ಎತ್ತಿ, ಸೀರೆ ಮಾರಿದ ದಿನ ತೀರಿಸುವ ಒಪ್ಪಂದ ಮಾಡಿಕೊಂಡರೆ ಈ ಅಂತರ ತುಂಬುತ್ತದೆ. ಬಡ್ಡಿಯೂ ಗುಂಪಿನಲ್ಲೇ ಉಳಿಯುತ್ತದೆ.

ಗುರುತಿನ ಕಾಗದಗಳು ಮೂರು. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ‘ಪೆಹಚಾನ್’ ಕಾರ್ಡು ಮೊದಲನೆಯದು. ಸರ್ಕಾರಿ ಮೇಳಗಳ ಮಳಿಗೆಗೆ ಅರ್ಜಿ ಹಾಕಲು ಅದು ಬೇಕಾಗುತ್ತದೆ. ಎರಡನೆಯದು 2020ರ ಜುಲೈಯಿಂದ ಇರುವ ‘ಉದ್ಯಮ್’ ನೋಂದಣಿ, ಅದಕ್ಕೆ ಶುಲ್ಕವಿಲ್ಲ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಅದು ಕರಕುಶಲ ನಿಗಮದ ಹೆಸರಿನಲ್ಲಿದೆ. ಆ ಗುರುತನ್ನು ಸೀರೆಯ ಚೀಟಿಯ ಮೇಲೆ ಬಳಸಲು ಪ್ರತಿಯೊಬ್ಬ ಕುಶಲಕರ್ಮಿಯೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. 2020ರ ನಿಯಮ ತಿದ್ದುಪಡಿ ಆ ಅರ್ಜಿಯ ಶುಲ್ಕವನ್ನು 500ರಿಂದ 10 ರೂಪಾಯಿಗೆ ಇಳಿಸಿತು. ಮಾಳಮಡ್ಡಿಯ ಮನೆಯಲ್ಲಿ ಕುಳಿತು ಹೊಲಿದ ಸೆರಗಿಗೆ ಕಾನೂನಿನ ಕಾವಲು ಸಿಗುವ ಈ ಅವಕಾಶವನ್ನು ಕಸೂತಿ ತರಗತಿಗಳಲ್ಲೇ ತಿಳಿಸಿ, ಅರ್ಜಿ ತುಂಬಿಸಿ ಕಳಿಸಬೇಕು.

ಮಾರುಕಟ್ಟೆಯ ಬಾಗಿಲುಗಳಲ್ಲಿ ಸರಸ್ ಮೇಳ, ದಿಲ್ಲಿ ಹಾಟ್ ಹಳೆಯವು, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಹೊಸವು. ಫೋನಿನಲ್ಲಿ ಮಾರುವವರು ಸೆರಗಿನ ಎರಡೂ ಬದಿಯ ಚಿತ್ರ ಹಾಕುವುದು, ಹಿಡಿದ ಗಂಟೆಗಳನ್ನು ಬರೆಯುವುದು ಒಳ್ಳೆಯದು. ಸೀರೆಯೊಂದಕ್ಕೇ ಅಂಟಿಕೊಳ್ಳದೆ ಕೈಚೀಲ, ದುಪಟ್ಟಾ, ಗೋಡೆಯ ಚೌಕಟ್ಟುಗಳಂಥ ಚಿಕ್ಕ ವಸ್ತುಗಳನ್ನೂ ಮಾಡಿದರೆ ಹಣ ಬೇಗ ತಿರುಗುತ್ತದೆ.

ದೊಡ್ಡ ಕೊರತೆ ಉಳಿದಿರುವುದು ದೊಡ್ಡ ಯೋಜನೆಯಲ್ಲೇ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ತರಬೇತಿಯ ಪ್ರತಿ ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿಯ ಸಲಕರಣೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ಸಾಲ ಕೊಡುತ್ತದೆ. ಅದರ 18 ಕಸುಬುಗಳ ಪಟ್ಟಿಯಲ್ಲಿ ಬಡಿಗ, ಕಮ್ಮಾರ, ಕುಂಬಾರ, ಹೂ ಕಟ್ಟುವವರು, ದರ್ಜಿ ಎಲ್ಲರೂ ಇದ್ದಾರೆ. ಕೈಕಸೂತಿ ಇಲ್ಲ. ಹೊಲಿಗೆ ಯಂತ್ರ ತುಳಿಯುವವರಿಗೆ ಬಾಗಿಲು ತೆರೆದಿದೆ, ಎಳೆ ಎಣಿಸಿ ಗವಂತಿ ಹಾಕುವವರು ಹೊರಗೆ ಉಳಿದಿದ್ದಾರೆ. ಪಟ್ಟಿಗೆ ಹತ್ತೊಂಬತ್ತನೆಯ ಕಸುಬೊಂದು ಸೇರಬೇಕಾದರೆ ಬೇಡಿಕೆ ಮೊದಲು ಏಳಬೇಕಾದ ಊರು ಧಾರವಾಡವೇ.